ನಿಮಗಿದು ಗೊತ್ತೆ? ಹಿಮದ ಹರಳಿಗೂ ಒಂದು ಫೋಟೋ

ಬಿಡಿ ಹಿಮಹರಳುಗಳ ಫೋಟೋ ತೆಗೆದ ಮೊದಲಿಗರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಊರಿನ ರೈತ ವಿಲ್ಸನ್ ಬೆಂಟ್ಲಿ ಒಬ್ಬರು. ಕ್ಯಾಮೆರಾವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ 1885ರ ಜನವರಿ 15ರಂದು ಮೊದಲ ಚಿತ್ರ ತೆಗೆದಾಗ ಅವರಿಗೆ ಇನ್ನೂ 20 ತುಂಬಿರಲಿಲ್ಲ.

ಬೀಳುವ ಹಿಮವನ್ನು ಅವರು ಕಪ್ಪು ಹಲಗೆಯ ಮೇಲೆ ಹಿಡಿಯುತ್ತಿದ್ದರು. ಅಂದವಾದ ಹರಳೊಂದನ್ನು ಸಣ್ಣ ಕಡ್ಡಿಯ ತುದಿಯಿಂದ ಎತ್ತಿ ಗಾಜಿನ ಸ್ಲೈಡಿನ ಮೇಲಿಟ್ಟು, ಹಕ್ಕಿಯ ಗರಿಯಿಂದ ಮೆತ್ತಗೆ ಒತ್ತಿ ಕೂರಿಸಬೇಕು. ಕೆಲಸವೆಲ್ಲ ಕೊರೆಯುವ ಚಳಿಯಲ್ಲೇ. ಉಸಿರು ತಾಗಿದರೂ ಹರಳು ಕರಗಿಹೋಗುತ್ತದೆ. ಅವರ ಚಿತ್ರಗಳ ಕಡುಕಪ್ಪು ಹಿನ್ನೆಲೆ ಮಾತ್ರ ಕ್ಯಾಮೆರಾ ಕೊಟ್ಟದ್ದಲ್ಲ. ನೆಗೆಟಿವ್‌ನ ಒಂದು ಪ್ರತಿ ಮಾಡಿಕೊಂಡು, ಹರಳಿನ ಅಂಚಿಗೆ ಧಕ್ಕೆಯಾಗದಂತೆ ಸುತ್ತಲಿನ ಲೇಪವನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದರು. ತಾಳ್ಮೆಯ ಕೆಲಸವೇ ಸರಿ!

ಹೀಗೆ 5,000ಕ್ಕೂ ಹೆಚ್ಚು ಚಿತ್ರಗಳಾದವು. ಅವುಗಳಲ್ಲಿ 2,400ಕ್ಕೂ ಹೆಚ್ಚು ಚಿತ್ರಗಳ ಪುಸ್ತಕ 1931ರಲ್ಲಿ ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಟ್ಲಿ ನ್ಯುಮೋನಿಯಾದಿಂದ ತೀರಿಕೊಂಡರು.

ಹೆಪ್ಪುಗಟ್ಟುವಾಗ ನೀರಿನ ಅಣುಗಳು ಆರು ಮೂಲೆಯ ಜಾಲರಿಯಾಗಿ ಹೆಣೆದುಕೊಳ್ಳುವುದರಿಂದ ಹರಳಿಗೆ ಸಾಮಾನ್ಯವಾಗಿ ಆರು ತೋಳು. ಮೈನಸ್ 15 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕವಲೊಡೆದ ನಕ್ಷತ್ರಗಳು, ಮೈನಸ್ 5ರ ಆಸುಪಾಸಿನಲ್ಲಿ ಸೂಜಿಯಂಥ ಹರಳುಗಳು ಬೆಳೆಯುತ್ತವೆ. ಹರಳಿನ ಆಕಾರಕ್ಕೆ ತಾಪಮಾನ ಮತ್ತು ತೇವಾಂಶದೊಂದಿಗಿರುವ ಈ ನಂಟನ್ನು ಪ್ರಯೋಗಗಳಿಂದ ತೋರಿಸಿದವರು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಉಕಿಚಿರೊ ನಕಾಯ. 1936ರಲ್ಲಿ ಅವರು ಪ್ರಯೋಗಾಲಯದಲ್ಲಿ ಮೊದಲ ಕೃತಕ ಹಿಮಹರಳನ್ನು ಬೆಳೆಸಿದ್ದು ಮೊಲದ ಕೂದಲಿನ ತುದಿಯಲ್ಲಿ.