ಅರ್ಧ ಅರ್ಥವನ್ನು ಕಳೆದುಕೊಂಡ ಶಬ್ದ

ಕಾಗೆ ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸರಿಹೋದರೆ ನಾವು ಅದನ್ನು ಕಾಕತಾಳೀಯ ಎನ್ನುತ್ತೇವೆ. ಅಲ್ಲಿ ಕಾಗೆಯ ಜಾಣ್ಮೆಯೇನೂ ಇಲ್ಲ. ಇಂಗ್ಲಿಷಿನ ‘ಸೆರೆಂಡಿಪಿಟಿ’ ಎಂಬ ವಿಚಿತ್ರ ಶಬ್ದವನ್ನು ಇಂದು ಅನೇಕರು ಹೆಚ್ಚುಕಡಿಮೆ ಹೀಗೆಯೇ, ಕೇವಲ ಅದೃಷ್ಟದ ಲಾಭವೆಂಬ ಅರ್ಥದಲ್ಲಿ, ಬಳಸುತ್ತಾರೆ. ಅದನ್ನು ಟಂಕಿಸಿದವನ ಮನಸ್ಸಿನಲ್ಲಿದ್ದ ಅರ್ಥವೇ ಬೇರೆ.

ಈ ಶಬ್ದದ ಬೇರನ್ನು ಗ್ರೀಕ್ ಲ್ಯಾಟಿನ್‌ಗಳಲ್ಲಿ ಅರಸಬೇಕಾಗಿಲ್ಲ. ಅದು ನಮ್ಮ ನೆರೆಯ ಸಿಂಹಳದಲ್ಲಿದೆ. ‘ಸಿಂಹಳದ್ವೀಪ’ವು ಅರಬ್ಬರ, ಪಾರಸಿಕರ ಬಾಯಲ್ಲಿ ‘ಸರಂದೀಬ್’ ಆಗಿ, ಇಂಗ್ಲಿಷರಲ್ಲಿ ‘ಸೆರೆಂಡಿಪ್’ ಆಯಿತು. ಕೊನೆಯ ‘ಡಿಪ್’ ನಮ್ಮ ‘ದ್ವೀಪ’ವೇ! ಆ ದೇಶದ ಮೂವರು ರಾಜಕುಮಾರರ ಪ್ರವಾಸಕಥೆಯೊಂದು 1557ರಲ್ಲಿ ವೆನಿಸ್ ನಗರದಲ್ಲಿ ಇಟಾಲಿಯನ್ ಭಾಷೆಯಲ್ಲಿ ಅಚ್ಚಾಯಿತು. ದಾರಿಯ ಒಂದೇ ಬದಿಯ ಹುಲ್ಲನ್ನು ಮೇಯಲಾಗಿದೆ. ಆದುದರಿಂದ ಇಲ್ಲಿ ಹಾದುಹೋದ ಒಂಟೆಗೆ ಒಂದು ಕಣ್ಣಿಲ್ಲ. ಒಂದು ಪಾದವನ್ನು ಎಳೆದ ಗುರುತಿದೆ. ಆದುದರಿಂದ ಅದು ಕುಂಟು. ಹೀಗೆ ಅವರು, ಕಾಣದ ಒಂಟೆಯನ್ನು ಕಂಡಂತೆ ವರ್ಣಿಸಿ, ಕೊನೆಗೆ ಅದರ ಕಳ್ಳರೆಂಬ ಅಪವಾದಕ್ಕೂ ಗುರಿಯಾದರು.

ಇಂಗ್ಲೆಂಡಿನ ಲೇಖಕ ಹೊರೇಸ್ ವಾಲ್ಪೋಲನು 1754ರ ಜನವರಿ 28ರಂದು ಮಿತ್ರನಿಗೆ ಬರೆದ ಪತ್ರವೊಂದರಲ್ಲಿ ಈ ಕಥೆಯನ್ನು ನೆನೆದು ‘ಸೆರೆಂಡಿಪಿಟಿ’ ಎಂಬ ಶಬ್ದವನ್ನು ಹೊಸೆದನು. (ಅವನ ನೆನಪಿನಲ್ಲಿ ಒಂಟೆ ಹೇಸರಗತ್ತೆಯಾಗಿತ್ತು!) ಅರಸದಿದ್ದ ವಸ್ತುವನ್ನು ಆಕಸ್ಮಿಕದಿಂದಲೂ ಸೂಕ್ಷ್ಮಬುದ್ಧಿಯಿಂದಲೂ ಕಂಡುಕೊಳ್ಳುವುದು ಎಂದು ಅವನು ಅರ್ಥ ಹೇಳಿದನು. ಎರಡೂ ಬೇಕು ಎಂಬುದನ್ನು ವಾಚಕರು ಗಮನಿಸಬೇಕು. ಶಬ್ದ ಬಹುಕಾಲ ಮೂಲೆಯಲ್ಲಿ ಬಿದ್ದಿತ್ತು. 1945ರಲ್ಲಿ ಹಾರ್ವರ್ಡಿನ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ತಮ್ಮ ಗ್ರಂಥದ ಒಂದು ಅಧ್ಯಾಯವನ್ನೇ ಅದಕ್ಕೆ ಮೀಸಲಿಟ್ಟರು. ಮುಂದೆ ಅದು ಎಲ್ಲರ ಬಾಯಿಗೂ ಬಿದ್ದು, ಅದರ ಸೂಕ್ಷ್ಮಬುದ್ಧಿಯ ಅಂಶ ಸವೆದುಹೋಯಿತು.

ಆ ಅಂಶದ ಬೆಲೆಯೆಷ್ಟೆಂಬುದನ್ನು ಕ್ಷ-ಕಿರಣಗಳ ಚರಿತ್ರೆಯಲ್ಲಿ ಕಾಣುತ್ತೇವೆ. 1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬುರ್ಗಿನಲ್ಲಿ ರಂಟ್ಜೆನ್ನರು ವಿದ್ಯುತ್ತನ್ನು ಹಾಯಿಸಿದ ನಿರ್ವಾತ ನಳಿಕೆಯೊಂದನ್ನು ಕಪ್ಪು ಕಾಗದದಿಂದ ಮುಚ್ಚಿದ್ದರು. ಆದರೂ ದೂರದಲ್ಲಿದ್ದ, ರಾಸಾಯನಿಕ ಲೇಪವುಳ್ಳ ತೆರೆಯೊಂದು ಬೆಳಗಿತು. ಅವರು ಅದನ್ನು ಕಡೆಗಣಿಸಲಿಲ್ಲ. ವಾರಗಟ್ಟಲೆ ಪ್ರಯೋಗಶಾಲೆಯಲ್ಲಿಯೇ ಕಳೆದು, ಅಜ್ಞಾತ ಕಿರಣಗಳ ಗುಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು.

ಆದರೆ ಅದೃಷ್ಟವು ಮೊದಲು ತಟ್ಟಿದ ಬಾಗಿಲು ರಂಟ್ಜೆನ್ನರದಲ್ಲ. ಸುಮಾರು 6 ವರ್ಷಗಳ ಹಿಂದೆ, 1890ರ ಫೆಬ್ರವರಿ 22ರಂದು, ಅಮೆರಿಕದ ಫಿಲಡೆಲ್ಫಿಯದಲ್ಲಿ ಭೌತವಿಜ್ಞಾನದ ಅಧ್ಯಾಪಕ ಗುಡ್‌ಸ್ಪೀಡರೂ ಛಾಯಾಗ್ರಾಹಕ ಜೆನ್ನಿಂಗ್ಸರೂ ವಿದ್ಯುತ್ ಕಿಡಿಗಳ ಚಿತ್ರ ತೆಗೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಗುಡ್‌ಸ್ಪೀಡರು ಅಂಥದೇ ನಳಿಕೆಗಳನ್ನು ಗೆಳೆಯನಿಗೆ ತೋರಿಸಿದರು. ಹತ್ತಿರದಲ್ಲಿ ಇನ್ನೂ ಬಳಸದ ಛಾಯಾಫಲಕಗಳಿದ್ದವು. ಅವುಗಳ ಮೇಲೆ ಎರಡು ನಾಣ್ಯಗಳಿದ್ದವು. ಫಲಕವನ್ನು ಸಂಸ್ಕರಿಸಿದಾಗ ದುಂಡಾದ ನೆರಳುಗಳು ಮೂಡಿದ್ದವು. ಕಾರಣ ತಿಳಿಯದೆ ಅದನ್ನು ಬದಿಗಿಟ್ಟರು.

1896ರಲ್ಲಿ ರಂಟ್ಜೆನ್ನರ ಶೋಧದ ಸುದ್ದಿ ಅಮೆರಿಕವನ್ನು ಮುಟ್ಟಿದಾಗ ಇಬ್ಬರೂ ಹಳೆಯ ಫಲಕವನ್ನು ಹುಡುಕಿ ತೆಗೆದರು. ಅದೇ ಉಪಕರಣಗಳನ್ನು ಹೂಡಿ ನೋಡಿದರೆ ಅದೇ ನೆರಳು ಬಿತ್ತು. ಅವರು ಶೋಧದ ಕೀರ್ತಿಯನ್ನು ತಮಗೆಂದು ಕೇಳಲಿಲ್ಲ.