ಪಕ್ಕದ ಮನೆಯ ಪತ್ರದಲ್ಲಿ ನಿಮ್ಮ ಮನೆ

ಶಿಡ್ಲಘಟ್ಟದಲ್ಲಿ ಕ್ರಯಪತ್ರ ಬರೆದೇ ಸಂಸಾರ ತೂಗಿಸಿದವನು ನಾನು. ಹಳೇ ಸಾಲುಮನೆ ಕೊಂಡವರು ಕೆಲವರು ಬಂದು ಕೇಳುತ್ತಾರೆ: "ನಮಗಿಂತ ಮುಂಚೆ ಇಲ್ಲಿ ಯಾರಿದ್ದರು ಸಾರ್?"

ಮೊದಲು ಕೈಲಿರುವ ಪತ್ರವನ್ನು ಪೂರ್ತಿ ಓದಿ. ಮಾರಿದವರಿಗೆ ಸ್ವತ್ತು ಪಿತ್ರಾರ್ಜಿತವಾಗಿ ಬಂತೋ, ಕ್ರಯಕ್ಕೆ ಬಂತೋ, ವಿಭಾಗದಲ್ಲಿ ಬಂತೋ ಎಂಬುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಹಿಂದಿನ ಪತ್ರದ ನಂಬರು ಸಿಕ್ಕರೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ, ಸ್ಥಿರಾಸ್ತಿ ಪತ್ರಗಳ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿದರೆ ನೀವು ಕೇಳಿದ ಅವಧಿಯಲ್ಲಿ ನೋಂದಣಿಯಾದ ಕ್ರಯ, ಅಡಮಾನ, ದಾನ ಎಲ್ಲ ಸಾಲಾಗಿ ಬರುತ್ತವೆ. ಅಪ್ಪ ತೀರಿಕೊಂಡು ಮಕ್ಕಳ ಹೆಸರಿಗೆ ಬಂದದ್ದು ಮಾತ್ರ ಅದರಲ್ಲಿ ಕಾಣದು. ಅದಕ್ಕೆ ನಗರಸಭೆಯ ಖಾತೆ ವಹಿ ನೋಡಬೇಕು. ಹಳೇ ಪತ್ರದಲ್ಲಿ 'ಕೋಲಾರ ಜಿಲ್ಲೆ' ಎಂದಿದ್ದರೆ ಗಾಬರಿ ಬೇಡ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ಚಿಂತಾಮಣಿ, ಗೌರಿಬಿದನೂರು ಕೂಡ ಕೋಲಾರಕ್ಕೇ ಸೇರಿದ್ದವು.

ಪತ್ರವೇ ಕಳೆದುಹೋಗಿದ್ದರೆ? ಆಗ ಚಕ್ಕುಬಂದಿ ಕೈಹಿಡಿಯುತ್ತದೆ. ಪತ್ರದ ಕೊನೆಯ ಷೆಡ್ಯೂಲಿನಲ್ಲಿ ಹೀಗೆ ಬರೆಯುತ್ತೇವೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಇಂಥವರ ಮನೆಯ ಜಂಟಿ ಗೋಡೆ. ಆ 'ಇಂಥವರು' ಆ ಹೊತ್ತಿಗೆ ನೆರೆಯಲ್ಲಿದ್ದವರು. ಎಂದರೆ ಪಕ್ಕದ ಮನೆ ಕೈಬದಲಾದಾಗಲೆಲ್ಲ ನಿಮ್ಮ ಮನೆಯವರ ಹೆಸರೂ ಅವರ ಪತ್ರದಲ್ಲಿ ದಾಖಲಾಗಿದೆ. ಎರಡೂ ಕಡೆಯವರ ಪತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿದರೆ ನಿಮ್ಮ ಮನೆಯ ವಂಶಾವಳಿಯೇ ಸಿದ್ಧ. ನಕಾಶೆಗಿಂತ ನಾನು ಚಕ್ಕುಬಂದಿಯನ್ನೇ ನಂಬುತ್ತೇನೆ.

ಬಾಡಿಗೆಗಿದ್ದವರ ಕತೆ ಬೇರೆ. ವರ್ಷಕ್ಕೆ ಮೀರದ ಕರಾರಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಿಲ್ಲ, ಅದಕ್ಕೇ ಹನ್ನೊಂದು ತಿಂಗಳ ಕರಾರು. ಹೀಗಾಗಿ ಕಚೇರಿಯ ಪುಸ್ತಕದಲ್ಲಿ ಅವರು ಇಲ್ಲ. ಹಳೇ ಮತದಾರರ ಪಟ್ಟಿ, ಶಾಲೆಯ ದಾಖಲಾತಿ ವಹಿ ನೋಡಬಹುದು. ನಮ್ಮೂರಲ್ಲಿ ಇನ್ನೊಂದು ದಾರಿಯಿದೆ: ರೇಷ್ಮೆ ನೂಲು ತೆಗೆಯುವವರು 1959ರ ರಾಜ್ಯ ಕಾಯ್ದೆಯಡಿ ಲೈಸೆನ್ಸ್ ಪಡೆಯಬೇಕು. ಹಾಗಾಗಿ ಬಾಡಿಗೆ ಮನೆಯಲ್ಲಿ ಚರಕ ಹಾಕಿದವರ ಗುರುತು ರೇಷ್ಮೆ ಇಲಾಖೆಯಲ್ಲಿ ಉಳಿದಿರಬಹುದು.

ಕೊನೆಗೆ ಬೀದಿಯ ಹಿರಿಯರ ಹತ್ತಿರ ಹೋಗಿ. "ಮಾಲೀಕರು ಯಾರಿದ್ದರು?" ಎಂದರೆ ಜಮೀನು ತಂಟೆ ಇರಬೇಕೆಂದು ಬಾಯಿ ಮುಚ್ಚಿಕೊಳ್ಳುತ್ತಾರೆ. "ಈ ಮನೇಲಿ ಚರಕ ಯಾರು ಹಾಕಿದ್ರು ಅಜ್ಜಿ?" ಎಂದು ಕೇಳಿ, ಆಮೇಲೆ ಬರೆದುಕೊಳ್ಳುವಷ್ಟು ಪುರುಸೊತ್ತು ಇಟ್ಟುಕೊಳ್ಳಿ.