ಮೂಲವ್ಯಾಧಿ: ಲೇಸರೋ, ಕತ್ತರಿಯೋ?

ನಾಲ್ಕು ಜನರ ಮುಂದೆ ಹೇಳಿಕೊಳ್ಳಲಾಗದ ಕಾಯಿಲೆ ಮೂಲವ್ಯಾಧಿ. ಸಂಘದ ಕೂಟಗಳಲ್ಲಿ ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲದರ ಮಾತೂ ಬರುತ್ತದೆ, ಇದರದು ಮಾತ್ರ ಇಲ್ಲ. ಇಲ್ಲಿ ಯಾರಿಗೂ ತೋರಿಸದೆ, ರಜೆಗೆ ಊರಿಗೆ ಹೋದಾಗ ಲೇಸರ್ ಜಾಹೀರಾತು ನೋಡಿ ತೀರ್ಮಾನ ಮಾಡುವವರೂ ಉಂಟು. ನಾನು ವೈದ್ಯನಲ್ಲ, ರಸಾಯನಶಾಸ್ತ್ರದವನು. ಓದಿ ತಿಳಿದಷ್ಟನ್ನು ಹೇಳುತ್ತೇನೆ.

ಗುದದ್ವಾರದೊಳಗೆ ರಕ್ತನಾಳಗಳು ತುಂಬಿದ ಮೆತ್ತೆಗಳು ಎಲ್ಲರಿಗೂ ಇರುತ್ತವೆ. ಅವು ಊದಿ ಕೆಳಕ್ಕೆ ಜಾರಿದರೆ ಮೂಲವ್ಯಾಧಿ. ಇದರಲ್ಲಿ ನಾಲ್ಕು ಹಂತ. ಮೊದಲನೆಯದರಲ್ಲಿ ಮೆತ್ತೆ ಹೊರಬರುವುದಿಲ್ಲ. ಎರಡನೆಯದರಲ್ಲಿ ಹೊರಬಂದು ತಾನಾಗಿ ಒಳಸೇರುತ್ತದೆ. ಮೂರನೆಯದರಲ್ಲಿ ಬೆರಳಿನಿಂದ ತಳ್ಳಬೇಕು. ನಾಲ್ಕನೆಯದರಲ್ಲಿ ತಳ್ಳಿದರೂ ನಿಲ್ಲದು.

ತೆರೆದ ಶಸ್ತ್ರಚಿಕಿತ್ಸೆಯ ಹೆಸರಾದ ಕ್ರಮವನ್ನು ಲಂಡನ್ನಿನ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ಪ್ರಕಟಿಸಿದರು. ಊದಿದ ಭಾಗವನ್ನು ಕತ್ತರಿಸಿ ತೆಗೆದು, ಗಾಯವನ್ನು ಹೊಲಿಯದೆ ತಾನಾಗಿ ಮಾಯಲು ಬಿಡುತ್ತಾರೆ. ಮೊದಲ ದಿನಗಳಲ್ಲಿ ಶೌಚಕ್ಕೆ ಹೋಗುವುದೇ ಯಾತನೆ. ಗಾಯ ಪೂರ್ತಿ ಮಾಯಲು ಹಲವು ವಾರ ಬೇಕು. ಆದರೆ ಕಾಯಿಲೆ ಮರುಕಳಿಸುವುದು ಕಡಿಮೆ.

ಲೇಸರ್ ಕ್ರಮದಲ್ಲಿ ತೆಳ್ಳನೆಯ ಗಾಜಿನ ಎಳೆಯೊಂದನ್ನು ಮೆತ್ತೆಯೊಳಗೆ ತೂರಿಸಿ ಕಿರಣ ಹಾಯಿಸುತ್ತಾರೆ. ಹೆಚ್ಚಾಗಿ ಬಳಸುವ ತರಂಗದುದ್ದ 1470 ನ್ಯಾನೊಮೀಟರ್. ಈ ಕಿರಣವನ್ನು ನೀರು ಚೆನ್ನಾಗಿ ಹೀರುತ್ತದೆ, ನಮ್ಮ ಮಾಂಸದಲ್ಲಿ ಬಹುಪಾಲು ನೀರೇ. ಆದ್ದರಿಂದ ಶಾಖ ದೂರ ಹರಡದೆ ಎಳೆಯ ತುದಿಯ ಸುತ್ತಲೇ ನಿಲ್ಲುತ್ತದೆ. ಮೆತ್ತೆ ಒಳಗಿನಿಂದ ಬೆಂದು ಕುಗ್ಗುತ್ತದೆ. ದೊಡ್ಡ ಗಾಯವಿಲ್ಲ, ನೋವು ಕಡಿಮೆ, ಬೇಗ ಕೆಲಸಕ್ಕೆ ಹೋಗಬಹುದು. ಆದರೆ ಕಾಯಿಲೆ ಮತ್ತೆ ಬರುವ ಸಂಭವ ಹೆಚ್ಚು. ಎರಡು, ಮೂರನೆಯ ಹಂತಗಳಿಗೆ ಇದು ಒಪ್ಪೀತು. ನಾಲ್ಕನೆಯದಕ್ಕೆ ಸಾಮಾನ್ಯವಾಗಿ ಕತ್ತರಿಯೇ ಗತಿ.

ಅಂದರೆ ಯಾವುದು ಮೇಲು ಎಂಬುದಕ್ಕಿಂತ ಯಾವ ಹಂತ ಎಂಬುದೇ ಮುಖ್ಯ ಪ್ರಶ್ನೆ. ಆರಂಭದಲ್ಲಿ ಎರಡೂ ಬೇಡ. ಸೊಪ್ಪು, ರಾಗಿ, ಇಲ್ಲಿನ ಇಡಿಧಾನ್ಯದ ಕಪ್ಪು ಬ್ರೆಡ್ಡು, ಸಾಕಷ್ಟು ನೀರು. ಅಷ್ಟಕ್ಕೆ ಬಗ್ಗದಿದ್ದರೆ ಬುಡಕ್ಕೆ ರಬ್ಬರ್ ಬಳೆ ಹಾಕಿ ಉದುರಿಸುವ ಸಣ್ಣ ಚಿಕಿತ್ಸೆ ಇದೆ.

ಜರ್ಮನಿಯಲ್ಲಿರುವ ನಾವು ಮೊದಲು ಹೌಸಾರ್ಟ್ ಬಳಿ ಹೋಗಿ, ಅವರ ಮೂಲಕ ಪ್ರೊಕ್ಟೊಲೊಗ್‌ಗೆ ತೋರಿಸುವುದು ಒಳ್ಳೆಯದು. ಲೇಸರಿನ ಖರ್ಚನ್ನು ಎಲ್ಲ ಕ್ರಾಂಕೆನ್‌ಕಾಸ್ಸೆಗಳೂ ಕೊಡುವುದಿಲ್ಲ. ಮೊದಲೇ ಬರೆದು ಕೇಳಿ. ಊರಿನಲ್ಲಿ ಮಾಡಿಸುವುದಾದರೆ, ರಜೆ ಮುಗಿದ ಮೇಲೆ ತೊಂದರೆಯಾದರೆ ಮಾಡಿದ ಸರ್ಜನ್ನರು ಹತ್ತಿರ ಇರುವುದಿಲ್ಲ ಎಂಬುದು ನೆನಪಿರಲಿ.

ಕೊನೆಯ ಮಾತು. ರಕ್ತ ಕಂಡರೆ ಮೂಲವ್ಯಾಧಿಯೇ ಎಂದು ನಾವೇ ತೀರ್ಪು ಕೊಡಬಾರದು; ಕರುಳಿನ ಕ್ಯಾನ್ಸರೂ ಹಾಗೆಯೇ ತೋರಬಹುದು. 50 ತುಂಬಿದ ಗಂಡಸರಿಗೆ 2019ರಿಂದ, ಹೆಂಗಸರಿಗೆ 2025ರ ಏಪ್ರಿಲಿನಿಂದ, ದೊಡ್ಡ ಕರುಳಿನ ಒಳಪರೀಕ್ಷೆಯನ್ನು ಇಲ್ಲಿ ವಿಮೆಯಲ್ಲೇ ಮಾಡುತ್ತಾರೆ. ನಾಚಿಕೆ ಬಿಟ್ಟು ಮಾಡಿಸಿಕೊಳ್ಳೋಣ, ಮನೆಯವರನ್ನೂ ಕಳಿಸೋಣ.